ಮಗಳಿಗೊಂದು ಕಾಲೇಜು, ಮಾಸ್ತರರಿಗೊಂದು ಬೈಗುಳ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಯಲ್ಲಿ ಯಾರಾದರೂ ನೆಮ್ಮದಿಯಿಂದ ಉಂಡದ್ದು ನನಗೆ ನೆನಪಿಲ್ಲ. ಮಗಳು ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಸಂತೋಷ ಒಂದು ಸಂಜೆ ಇತ್ತು. ಅಣ್ಣಿಗೇರಿಯಿಂದ ಪೇಡೆ ತಂದು ಓಣಿಗೆಲ್ಲ ಹಂಚಿದೆ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗಲೇ ಶುರುವಾಯಿತು, ಯಾವ ಕಾಲೇಜು ಎಂಬ ಜಗಳ.

ಅವಳಿಗೆ ಫಾರ್ಮಸಿ ಓದಬೇಕಾಗಿತ್ತು. ನನ್ನ ತಾಯಿ ಕೊನೆಯ ವರ್ಷಗಳಲ್ಲಿ ದಿನಕ್ಕೆ ಏಳೆಂಟು ಗುಳಿಗೆ ನುಂಗುತ್ತಿದ್ದಳು. ಅವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬೇರೆ ಮಾಡಿ ಕೊಡುವ ಕೆಲಸ ಇವಳದು. ಆಮೇಲೆ ಓಣಿಯ ಮುದುಕಿಯರೆಲ್ಲ ತಮ್ಮ ಗುಳಿಗೆ ಚೀಲ ಹಿಡಿದು ಇವಳ ಹತ್ತಿರ ಬರತೊಡಗಿದರು. ಡಾಕ್ಟರಾಗುತ್ತೀಯೇನವ್ವ ಎಂದು ನಾನೊಮ್ಮೆ ಕೇಳಿದ್ದೆ.

"ಬ್ಯಾಡಪ್ಪಾ. ಗುಳಿಗಿ ಒಳಗ ಏನೈತಿ, ಅದು ಹೊಟ್ಟ್ಯಾಗ ಹೋಗಿ ಏನ ಮಾಡತೈತಿ, ಅಷ್ಟ ಗೊತ್ತಾದ್ರ ಸಾಕು ನನಗ," ಎಂದಿದ್ದಳು.

ಈಗ ನನ್ನ ವಿಷಯ. ಅಣ್ಣಿಗೇರಿಗೂ ಶಲವಡಿಗೂ ನಡುವೆ ಕರಿ ಮಣ್ಣಿನ ಒಂದು ಹಳ್ಳಿ ನಮ್ಮದು. ಅಲ್ಲಿಯ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವನು ನಾನು. ನನಗೆ ಬರುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ, ಆ ಹೆಸರು ಕೇಳಿದರೇ ನನಗೆ ಮೈ ಉರಿಯುತ್ತದೆ. ಹೆಂಡತಿ ಜಂಪರ್ ಹೊಲಿಯುತ್ತಾಳೆ. ಪೇಪರ್ ಓದಲು ಬರುವವರಿಗಿಂತ ಅರ್ಜಿ ಬರೆಸಲು ಬರುವವರೇ ನನ್ನ ಗ್ರಂಥಾಲಯಕ್ಕೆ ಜಾಸ್ತಿ. ಪಿಂಚಣಿ, ರೇಷನ್ ಕಾರ್ಡು, ಬೆಳೆ ವಿಮೆ, ಮಕ್ಕಳ ಶಿಷ್ಯವೇತನ, ಊರಿನ ಅರ್ಧ ಜನರ ಕಾಗದಪತ್ರ ನನ್ನ ಅಕ್ಷರದಲ್ಲಿವೆ. ಒಂದೂ ತಿರುಗಿ ಬಂದಿಲ್ಲ ಎಂದು ನಾನು ಹತ್ತು ಜನರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ಕಾಲೇಜಿನ ವಿಷಯದಲ್ಲಿ ನನ್ನ ಹೆಂಡತಿಗೆ ಖಚಿತ ಅಭಿಪ್ರಾಯಗಳಿದ್ದವು. ಗೇಟಿನಲ್ಲಿ ನಿಲ್ಲಿಸಿ ತಲೆಯ ಮೇಲಿನ ವಸ್ತ್ರ ತೆಗೆ ಎನ್ನುವ ಕಾಲೇಜಾಗಿರಬಾರದು. ನಮ್ಮ ಪಕ್ಕದ ಓಣಿಯ ಹುಡುಗಿಯೊಬ್ಬಳು ಇದೇ ಕಾರಣಕ್ಕೆ ಓದು ಬಿಟ್ಟು ಮನೆಯಲ್ಲಿ ಕೂತಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಹಾಸ್ಟೆಲ್ ಕಾಲೇಜಿಗೆ ಹತ್ತಿರವಿರಬೇಕು. ಐದು ಹೊತ್ತಿನ ನಮಾಜಿಗೆ ಒಂದು ಮೂಲೆ ಸಿಗಬೇಕು. ಬಡ್ಡಿ ಸಾಲ ಮಾಡಿ ಓದಿಸಬಾರದು. ಇಷ್ಟೆಲ್ಲ ಹೇಳಿ, "ಅಷ್ಟ ರೀ, ಬ್ಯಾರೆ ಏನೂ ಇಲ್ಲ," ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನದು ಒಂದೇ ಷರತ್ತು, ನನ್ನ ಗೌರವಧನದಲ್ಲಿ ಆಗಬೇಕು. ಅದೊಂದೇ ಅವಳ ಎಲ್ಲ ಷರತ್ತುಗಳಿಗಿಂತ ಕಠಿಣವಾಗಿತ್ತು.

ಊರಿನವರ ಸಲಹೆಗಳಂತೂ ಬೇಡ. ಮಸೀದಿಯ ಮುಂದೆ ಒಬ್ಬರು, ಹುಡುಗಿಗೆ ಇಷ್ಟು ಓದು ಸಾಕು ಎಂದರು. ಹೋಟೆಲಿನಲ್ಲಿ ಇನ್ನೊಬ್ಬರು, ಬಿ.ಎ. ಮಾಡಿಸಿ ಬಿ.ಎಡ್. ಮಾಡಿಸಿರಿ ಎಂದರು. ಫಾರ್ಮಸಿ ಎಂದರೆ ಔಷಧ ಅಂಗಡಿಯಲ್ಲಿ ನಿಲ್ಲುವುದು ತಾನೆ, ಅದಕ್ಕೆ ನಾಲ್ಕು ವರ್ಷ ಯಾಕೆ ಎಂದು ಕೇಳಿದವರೂ ಇದ್ದರು. ತಮ್ಮ ಮಕ್ಕಳನ್ನು ಓದಿಸದವರೇ ಹೆಚ್ಚು ಹೇಳುತ್ತಿದ್ದರು. ನಾನು ಹೋಟೆಲಿಗೆ ಹೋಗುವುದನ್ನೇ ಬಿಟ್ಟೆ.

ಮೊದಲು ಹೋದದ್ದು ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜಿಗೆ. ಮುಂಭಾಗಕ್ಕೆಲ್ಲ ಗಾಜು, ಒಳಗೆ ಲಿಫ್ಟು. ಕರಿ ಕೋಟು ಹಾಕಿಕೊಂಡಿದ್ದ ಒಬ್ಬ ಹುಡುಗಿ ನಮ್ಮನ್ನು ಮೆತ್ತನೆಯ ಕುರ್ಚಿಯ ಮೇಲೆ ಕೂರಿಸಿ ಬಣ್ಣದ ಪುಸ್ತಕ ಕೊಟ್ಟಳು. ಫೀ ಎಷ್ಟು ಎಂದು ಕೇಳಿದೆ. ಅವಳು ಹೇಳಿದ್ದು ನನ್ನ ಎರಡು ವರ್ಷದ ಆದಾಯ. ಅದು ಒಂದು ವರ್ಷದ ಫೀ.

"ಟೆನ್ಶನ್ ತಗೋಬ್ಯಾಡ್ರಿ ಸರ್," ಎಂದಳು. "ಬ್ಯಾಂಕಿನವ್ರು ಇಲ್ಲೇ ಕುಂತಾರ. ಇವತ್ತ ಕಾಗದ ಕೊಟ್ರ ಲೋನ್ ಇಲ್ಲೇ ಪಾಸ್ ಮಾಡಿಕೊಡ್ತಾರ."

ನಿಜವಾಗಿಯೂ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಒಬ್ಬ ಕೂತಿದ್ದ. ನನ್ನ ಹೆಂಡತಿ ಅವನ ಕಡೆ ತಿರುಗಿ ಕೇಳಿದಳು, "ಬಡ್ಡಿ ಇಲ್ಲದ್ದು ಐತೇನ್ರಿ?"

ಅವನು ತಮಾಷೆ ಎಂದುಕೊಂಡು ನಕ್ಕ. "ಬಡ್ಡಿ ಇಲ್ಲದ್ದು ಎಲ್ಲಿರತೈತ್ರಿ ಅಕ್ಕಾರ?"

ಅವಳು ನಗಲಿಲ್ಲ. ಕೋಟಿನ ಹುಡುಗಿಗೆ, ತಲೆ ವಸ್ತ್ರದ ಬಗ್ಗೆ ನಿಮ್ಮಲ್ಲಿ ಹೇಗೆ ಎಂದು ಕೇಳಿದಳು. ಅದು ಮ್ಯಾನೇಜ್‌ಮೆಂಟಿಗೆ ಬಿಟ್ಟದ್ದು ಎಂದು ಉತ್ತರ ಬಂತು. ಮ್ಯಾನೇಜ್‌ಮೆಂಟ್ ಎಲ್ಲಿದೆ ಎಂದು ನಾನು ಕೇಳಿದೆ. ಮೀಟಿಂಗಿನಲ್ಲಿದ್ದಾರೆ ಎಂದಳು. ಎಷ್ಟೊತ್ತಿಗೆ ಬರುತ್ತಾರೆ? ಗೊತ್ತಿಲ್ಲ. ಹೌದು ಅಥವಾ ಇಲ್ಲ ಎನ್ನಲು ಇಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬ ಮನುಷ್ಯ ಇರಲಿಲ್ಲ. ಬಣ್ಣದ ಪುಸ್ತಕವನ್ನು ಅಲ್ಲೇ ಇಟ್ಟು ಎದ್ದು ಬಂದೆವು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಸಾಲದ ಮಾತು ತೆಗೆದೆ. ಕಾಲ ಬದಲಾಗಿದೆ, ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂದೆ.

"ನಮ್ಮ ಮಾವಾರು ಸಾಯೂತನಕ ಒಂದ್ ರೂಪಾಯಿ ಬಡ್ಡಿ ಸಾಲ ಮಾಡ್ಲಿಲ್ಲ," ಎಂದಳು ಅವಳು.

"ಮಾಡ್ಲಿಲ್ಲ ಖರೆ. ಯಾರನ್ನೂ ಕಾಲೇಜಿಗೂ ಕಳಸಲಿಲ್ಲ ಅವರು."

ಅವಳು ಅಣ್ಣಿಗೇರಿ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮಗಳು ಇಬ್ಬರ ನಡುವಿನ ಸೀಟಿನಲ್ಲಿ ಕೂತು ಚೀಲದ ಜಿಪ್ಪು ಹಾಕುತ್ತಿದ್ದಳು, ತೆಗೆಯುತ್ತಿದ್ದಳು.

ಎರಡನೆಯದು ನಮ್ಮವರದೇ ಟ್ರಸ್ಟಿನ ಕಾಲೇಜು. ವಸ್ತ್ರದ ಪ್ರಶ್ನೆ ಅಲ್ಲಿ ಇಲ್ಲ, ನಮಾಜಿಗೆ ಬೇರೆ ಕೋಣೆಯೇ ಇದೆ, ಹೆಂಡತಿ ಕಾಲಿಟ್ಟ ಕೂಡಲೇ ಖುಷಿಯಾದಳು. ಟ್ರಸ್ಟಿನ ಹಿರಿಯರೊಬ್ಬರು ಉರ್ದುವಿನಲ್ಲಿ ಮಾತಿಗೆ ಶುರು ಮಾಡಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಮನೆಯಲ್ಲಿ ಉರ್ದು ಇಲ್ಲವೇ ಎಂದರು. ಇಲ್ಲ ಎಂದೆ.

ಅವರು ನಕ್ಕು ಕುರ್ಚಿಗೆ ಒರಗಿದರು. "ಗೊತ್ತಾತು ಬಿಡ್ರಿ. ಗಾದಿಯವ್ರು."

ಗಾದಿಯವರು ಎಂದರೆ ಪಿಂಜಾರರು. ನಾವು ಮುಸಲ್ಮಾನರೇ, ಆದರೆ ಮನೆಮಾತು ಕನ್ನಡ. ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡಿಕೊಡುವುದು ಹಿರಿಯರ ಕೆಲಸ. ನನ್ನ ಅಪ್ಪ ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಮದುವೆ ಇರುವ ಮನೆಗಳನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದ. ಆ ಬಿಲ್ಲಿನ ನಾಣು ಟಂಯ್ ಟಂಯ್ ಎನ್ನುತ್ತದೆ. ಶಾಲೆಯಲ್ಲಿ ನಾನು ಲೆಕ್ಕ ಮಾಡಲು ಬೋರ್ಡಿನ ಹತ್ತಿರ ಹೋದರೆ ಹಿಂದಿನ ಸಾಲಿನವರು ಬಾಯಿಯಿಂದ ಆ ಸದ್ದು ಮಾಡುತ್ತಿದ್ದರು. ಮಸೀದಿಯಲ್ಲೂ ಉರ್ದು ಬಾರದವರೆಂದು ನಮ್ಮನ್ನು ಒಂದು ಗೇಣು ಕೆಳಗೇ ನೋಡುತ್ತಿದ್ದರು. ಆ ಹೆಸರು ಕೇಳಿದರೆ ನನಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಫೀ ರಿಯಾಯಿತಿ ಬೇಕಾದರೆ ನಿಮ್ಮ ಜಮಾತಿನಿಂದ ಶಿಫಾರಸು ಪತ್ರ ತನ್ನಿರಿ ಎಂದರು ಆ ಹಿರಿಯರು. ತಂದರೂ ಇಂತಿಷ್ಟೇ ಎಂದು ಹೇಳಲಾಗದು, ಕಮಿಟಿ ಕೂರಬೇಕು ಎಂದರು. ಯಾವಾಗ ಕೂರುತ್ತದೆ ಎಂದರೆ, ನೋಡೋಣ ಎಂದರು. ನಾನು ಆ ಪತ್ರ ತರಲಿಲ್ಲ. ಹೆಂಡತಿ ಕೇಳಿದಾಗ, ಅಲ್ಲಿಯ ಲ್ಯಾಬು ಸರಿಯಿಲ್ಲ ಎಂದು ಹೇಳಿಬಿಟ್ಟೆ.

ಮೂರನೆಯದು ಧಾರವಾಡದಲ್ಲಿ ಹೆಣ್ಣುಮಕ್ಕಳದೇ ಕಾಲೇಜು. ಹಳೆಯ ಕಟ್ಟಡ, ಲಿಫ್ಟು ಗಿಫ್ಟು ಏನೂ ಇಲ್ಲ. ಹಾಸ್ಟೆಲ್ ಹಿಂದೆಯೇ ಇತ್ತು. ಗಂಡಸರನ್ನು ಒಳಗೆ ಬಿಡುವುದಿಲ್ಲವೆಂದು ಗೇಟಿನ ಹೆಂಗಸು ತನ್ನ ಸ್ಟೂಲನ್ನು ನನಗೆ ಕೊಟ್ಟು ಕೂರಿಸಿದಳು. ತಾಯಿ ಮಗಳು ಒಳಗೆ ಹೋದರು. ಜಿಟಿಜಿಟಿ ಮಳೆ. ತಲೆಗೆ ವಸ್ತ್ರ ಸುತ್ತಿಕೊಂಡ ಇಬ್ಬರು ಹುಡುಗಿಯರು ಕುಂಕುಮವಿಟ್ಟ ಒಬ್ಬಳ ಕೊಡೆಯಡಿ ತೂರಿಕೊಂಡು ನಗುತ್ತಾ ಒಳಗೆ ಹೋದರು. ಗೇಟಿನವಳು ತಲೆ ಎತ್ತಿಯೂ ನೋಡಲಿಲ್ಲ. ಕೋಟಿನ ಹುಡುಗಿಗೆ ಹೇಳಲಾಗದ ಉತ್ತರ ನನಗೆ ಅಲ್ಲಿ ಸಿಕ್ಕಿತು.

ಅರ್ಧ ಗಂಟೆಯ ಮೇಲೆ ಹೆಂಡತಿ ಹೊರಗೆ ಬಂದಾಗ ಅವಳ ಮುಖವೇ ಬೇರೆಯಾಗಿತ್ತು.

"ಕೇಳ್ರಿ ಇಲ್ಲೆ. ರಂಜಾನದಾಗ ಹುಡುಗ್ಯಾರಿಗೆ ಅಡಿಗಿ ಮನಿ ಕೀಲೀನ ಕೊಟ್ಟಬಿಡ್ತಾರಂತ. ನಸಿಕಿನಾಗ ಎದ್ದು ತಾವ ರೊಟ್ಟಿ ಮಾಡಕೊಂಡು ಉಣ್ತಾರಂತ. ಆ ಹಾಸ್ಟೆಲ್ ಅಮ್ಮಾರು ಹಣಿಗೆ ವಿಭೂತಿ ಹಚ್ಚಿದವ್ರು. ನಾ ಕೇಳೂಕಿಂತ ಮೊದಲ ಅವರ ಹೇಳಿದ್ರು."

ಮಗಳು ಬೇರೆಯೇ ಏನನ್ನೋ ನೋಡಿ ಬಂದಿದ್ದಳು. "ಅಪ್ಪಾ, ಲ್ಯಾಬಿನಾಗ ಗುಳಿಗಿ ಮಾಡೂ ಮಷಿನ್ ಐತಿ. ಸಣ್ಣದು, ಕೈಲೆ ತಿರುವೂದು. ಒಂದ್ ಸಲ ತಿರುವಿ ಬಂದೆ."

ಹುಡುಕಿದ್ದು ಸಿಕ್ಕಿಬಿಟ್ಟಿತು ಎನಿಸಿತು ನನಗೆ. ಗೇಟಿನ ಪಕ್ಕದ ಆಫೀಸಿಗೆ ಗಂಡಸರನ್ನೂ ಬಿಡುತ್ತಿದ್ದರು, ಮೂವರೂ ಹೋದೆವು. ನಿವೃತ್ತಿಗೆ ಬಂದಂತಿದ್ದ ಗುಮಾಸ್ತರೊಬ್ಬರು ಮಗಳ ಸಿಇಟಿ ರ‍್ಯಾಂಕು ನೋಡಿದರು. ಸರ್ಕಾರಿ ಸೀಟಿಗೆ ಪ್ರಯತ್ನ ಮಾಡಿರಿ ಎಂದು, ಮೀಸಲಾತಿ ವರ್ಗ ಯಾವುದು ಎಂದು ಕೇಳಿದರು. 2ಬಿ ಎಂದೆ. ನಮ್ಮ ರಾಜ್ಯದಲ್ಲಿ ಮುಸ್ಲಿಮರು ಬರುವುದು ಅದರಲ್ಲಿ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

"ಮನ್ಯಾಗ ಕನ್ನಡ ಮಾತಾಡ್ತೀರಿ. ನಿಮ್ಮ ತಂದಿಯವ್ರು ಏನ್ ಮಾಡ್ತಿದ್ರು?"

"ಗಾದಿ ಮಾಡ್ತಿದ್ದರ್ರಿ."

"ಹಂಗಾರ ನೀವು ಪಿಂಜಾರ್ರು. ಪ್ರವರ್ಗ ಒಂದರಾಗ ಬರ್ತೀರಿ. 2ಬಿ ಒಳಗ ಪೈಪೋಟಿ ಭಾಳ ಅದ, ಈ ರ‍್ಯಾಂಕಿಗೆ ಇಲ್ಲಿ ಸಿಗೂದು ಕಠಿಣ. ಪ್ರವರ್ಗ ಒಂದಾದ್ರ ಸೀಟು ಸಿಗ್ತದ, ಫೀನೂ ಮಾಫಿ ಆಗ್ತದ. ಇದನ್ನ ಯಾಕ್ ಬಿಟ್ಟೀರಿ ನೀವು?"

ಮೂವರೂ ನನ್ನ ಮುಖ ನೋಡಿದರು. ಊರಿನವರಿಗೆಲ್ಲ ಅರ್ಜಿ ಬರೆದುಕೊಡುವವನು ನಾನು. ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ಮುಂದೆ ಸರಿಪಡಿಸಿದರಾಯಿತು, ನನ್ನ ದಾಖಲೆ ಇದ್ದೇ ಇದೆ ಎಂದು ವರ್ಷ ವರ್ಷವೂ ಮುಂದೂಡಿಕೊಂಡು ಬಂದಿದ್ದೆ. ಆದರೆ ಬಾಯಿಗೆ ಬಂದದ್ದು ಬೇರೆ.

"ಒಂದನೇ ಕ್ಲಾಸಿಗೆ ಹಚ್ಚುವಾಗ ಮಾಸ್ತರು ತಪ್ಪು ಬರದಾರ್ರಿ," ಎಂದೆ. "ಮುಸ್ಲಿಂ ಅಂತ ಗೀಚಿಬಿಟ್ಟಾರ."

"ಲಗೂನ ತಿದ್ದಿಸ್ರಿ ಹಂಗಾರ. ವರ್ಗ ಬದಲಿ ಮಾಡಾಕ ಇನ್ನ ಹದಿನೆಂಟ ದಿವಸ ಅವ," ಎಂದರು ಗುಮಾಸ್ತರು.

ಹದಿನೆಂಟು ದಿನ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ತಿರುಗಿದೆ. ನಾಡಕಚೇರಿಯಲ್ಲಿ ನನ್ನ ಶಾಲೆಯ ದಾಖಲೆ ಇಟ್ಟೆ. ಅದರಲ್ಲಿ ಪಿಂಜಾರ ಎಂದೇ ಇತ್ತು. ಅಲ್ಲಿದ್ದವನು ಅದನ್ನೂ ಮಗಳದ್ದನ್ನೂ ಪಕ್ಕದಲ್ಲಿಟ್ಟು, "ಅಪ್ಪಂದು ಒಂದು, ಮಗಳದು ಒಂದು. ಯಾವುದು ಖರೆ ಅಂತ ತಿಳೀಬೇಕ್ರಿ ನಾವು?" ಎಂದ. ಶಾಲೆಯ ದಾಖಲಾತಿ ರಜಿಸ್ಟರಿನ ಪ್ರತಿ ತನ್ನಿರಿ, ಗ್ರಾಮಲೆಕ್ಕಿಗ ತಲಾಟಿಯಿಂದ ಪಂಚನಾಮೆ ಮಾಡಿಸಿರಿ ಎಂದು ಕಳಿಸಿದ. ಮಗಳ ಹಳೆಯ ಶಾಲೆಗೆ ಹೋದರೆ ಈಗಿನ ಮುಖ್ಯೋಪಾಧ್ಯಾಯಿನಿ, ನಮ್ಮ ಕಡೆಯ ಮಾತಿನಲ್ಲಿ ಹೆಡ್ ಬಾಯಿಯವರು, ತರಬೇತಿಗೆ ಹೋಗಿದ್ದರು, ಕಪಾಟಿನ ಕೀಲಿ ಅವರ ಹತ್ತಿರವಿತ್ತು. ಒಂದು ವಾರ ಬಿಟ್ಟು ಬರಬೇಕಂತೆ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು.

ಆ ಸಿಟ್ಟನ್ನೆಲ್ಲ ನಾನು ಆ ಮಾಸ್ತರರ ಮೇಲೆ ಹಾಕಿದೆ. ಮಗಳನ್ನು ಶಾಲೆಗೆ ಸೇರಿಸಿಕೊಂಡ ಹೆಡ್ ಮಾಸ್ತರರು ಅವರು. ತೀರಿಕೊಂಡು ಮೂರು ವರ್ಷವಾಗಿತ್ತು. ಯಾರಾದರೂ ಎದುರಾಗಿ ಮಗಳ ಸೀಟು ಏನಾಯಿತು ಎಂದರೆ ಸಾಕು, "ಆ ಮಾಸ್ತರ್ ಮಾಡಿಟ್ಟ ಕೆಲಸಾ ನೋಡ್ರಿ, ಕಣ್ಣ ಮುಚ್ಚಿ ಬರದಾನ," ಎನ್ನುತ್ತಿದ್ದೆ. ಬದುಕಿದ್ದಾಗ ಅವರನ್ನು ನಾನು ಏಕವಚನದಲ್ಲಿ ಕರೆದವನಲ್ಲ. ಮನೆಯಲ್ಲಿಯೂ ದಿನಾ ಅದೇ ಬೈಗುಳ. ಹೆಂಡತಿ ದನಿಗೂಡಿಸಿದಳು, ಮಗಳೂ ದನಿಗೂಡಿಸಿದಳು. ಒಂದು ದಿನ ಮಗಳು ರೊಟ್ಟಿ ತಟ್ಟುತ್ತಾ, "ಮುದುಕಗ ನಾವ್ ಏನ್ ಮಾಡಿದ್ವಿ, ನನ್ನ ಜಲ್ಮಾನ ಹಾಳ ಮಾಡಿದ," ಎಂದದ್ದು ಕೇಳಿ ನನಗೆ ಒಳಗೆ ಎಲ್ಲೋ ಚುರುಕ್ ಎಂದಿತು. ಆದರೂ ಅವಳು ಕೊಟ್ಟ ರೊಟ್ಟಿ ಉಂಡು ಎದ್ದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಮಾಸ್ತರರ ಮನೆಗೇ ಹೋದೆ. ಅವರ ಹೆಂಡತಿ ಒಬ್ಬರೇ ಇದ್ದರು, ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತಿದ್ದರು. ಮಾಸ್ತರರು ಮನೆಯಲ್ಲಿ ಶಾಲೆಯ ಕಾಗದ ಏನಾದರೂ ಇಟ್ಟಿದ್ದರೇ ಎಂದು ಕೇಳಿದೆ. ಇಲ್ಲ ಎಂದರು. ಚಹಾ ಇಡುತ್ತೇನೆ, ಕೂಡ್ರಿ ಎಂದರು. ನಾನು ಕೂಡಲಿಲ್ಲ.

"ಚಾ ಏನ್ ಬ್ಯಾಡ್ರಿ. ನಿಮ್ಮವರು ಬರದ ಒಂದ್ ಅಕ್ಷರಕ್ಕ ನನ್ನ ಮಗಳ ಸೀಟ್ ಹೋಗೂ ಹಂಗಾಗೈತಿ," ಎಂದೆ.

ಆಕೆ ಮೊರ ಕೆಳಗಿಟ್ಟು ಎದ್ದು ನಿಂತರು. "ಅವರು ಹಂಗ ಮಾಡೂ ಪೈಕಿ ಅಲ್ರಿ. ಆದ್ರೂ ವಯಸ್ಸಾಗಿತ್ತು, ಎಲ್ಲೆರ ತಪ್ಪಿರಬೇಕು. ತಪ್ಪಿದ್ರ ಮಾಫ್ ಮಾಡ್ರಿ ಅಣ್ಣಾರ," ಎಂದು ಕೈ ಮುಗಿದರು. ಮಗಳಿಗೂ, "ನೀನೂ ಮಾಫ್ ಮಾಡವಾ," ಎಂದರು. ನಾನು ಆಗಲಿ ಎಂದು ದೊಡ್ಡ ಮನುಷ್ಯನ ಹಾಗೆ ಬಂದುಬಿಟ್ಟೆ.

ಪಂಚನಾಮೆಯ ದಿನ ತಲಾಟಿ ನಮ್ಮ ಓಣಿಗೆ ಬಂದ. ಇವರು ಪಿಂಜಾರರು ಹೌದು ಎಂದು ನೆರೆಹೊರೆಯ ಹಿರಿಯರು ಹೇಳಿ ಸಹಿ ಮಾಡಬೇಕು. ಎದುರು ಮನೆಯ ಗೌಡರನ್ನು ಕರೆದುಕೊಂಡು ಬಂದೆ. ಎಂಬತ್ತು ದಾಟಿದವರು, ಮಾತಿಗೆ ಲಗಾಮಿಲ್ಲ.

"ಇವರಪ್ಪ ಹಿಂಜಿದ ಗಾದಿ ಮ್ಯಾಲೆ ನಾ ಇನ್ನೂ ಮಲಗತೇನಿ, ಬರ್ಕೊ," ಎಂದು ತಲಾಟಿಗೆ ಹೇಳಿ, ನನ್ನ ಕಡೆ ತಿರುಗಿದರು. "ಅಲ್ಲೋ, ಪಿಂಜಾರ ಅಂತ ಕರದ್ರ ನೀ ಸಿಟ್ಟಾಕ್ಕಿದ್ದಿ. ಸಣ್ಣಾಂವ ಇದ್ದಾಗ ನನ್ನ ಮಗಗ ಕಲ್ಲ ಒಗದಿದ್ದಿ ಇದ ಮಾತಿಗೆ. ಈಗ ನಾವ ಹೇಳಬೇಕೇನು?"

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. "ಹೇಳ್ರಿ ಗೌಡ್ರ, ಜೋರ್ ಹೇಳ್ರಿ," ಎಂದೆ. ಗೌಡರು ಮತ್ತೊಮ್ಮೆ ಜೋರಾಗಿ ಹೇಳಿದರು. ತಲಾಟಿ ಬರೆದುಕೊಂಡ. ಜೀವನವಿಡೀ ಯಾವ ಮಾತಿನಿಂದ ಓಡಿದ್ದೆನೋ ಅದನ್ನು ಬೇಡಿ ಹೇಳಿಸಿಕೊಂಡೆ. ನಾಚಿಕೆಯಾಯಿತು, ಅದರ ಮೇಲೆ ಸಿಟ್ಟೂ ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಗಡುವಿಗೆ ಐದು ದಿನ ಇರುವಾಗ ಹೆಡ್ ಬಾಯಿಯವರು ತರಬೇತಿಯಿಂದ ಬಂದರು. ಅರ್ಜಿಗೆ ಮಗಳ ಸಹಿಯೂ ಬೇಕಾದ್ದರಿಂದ ಅವಳೂ ನನ್ನ ಜೊತೆ ಶಾಲೆಗೆ ಬಂದಳು. ಕಪಾಟು ತೆರೆದು, ದೂಳು ಒರೆಸಿ, ಆ ವರ್ಷದ ರಜಿಸ್ಟರ್ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮಗಳ ಹೆಸರು ಅವಳಿಗೇ ಮೊದಲು ಕಂಡಿತು. ಅದರ ಮೇಲೆ ಬೆರಳಿಟ್ಟು ಅಡ್ಡಕ್ಕೆ ಎಳೆದುಕೊಂಡು ಹೋದಳು, ಹುಟ್ಟಿದ ದಿನಾಂಕ, ತಂದೆ, ಉದ್ಯೋಗ, ಜಾತಿ.

ಜಾತಿಯ ಕಾಲಮ್ಮಿನಲ್ಲಿ ಮಾಸ್ತರರ ದುಂಡನೆಯ ಅಕ್ಷರದಲ್ಲಿ ಪಿಂಜಾರ ಎಂದು ಬರೆದಿತ್ತು. ಅದರ ಮೇಲೆ ಕೆಂಪು ಶಾಯಿಯ ಗೆರೆ. ಮೇಲ್ಗಡೆ ಮುಸ್ಲಿಂ ಎಂದು ಬರೆದಿತ್ತು. ಅಂಚಿನಲ್ಲಿ ಸಣ್ಣದಾಗಿ, ಪಾಲಕರ ಹೇಳಿಕೆಯಂತೆ ತಿದ್ದಲಾಗಿದೆ ಎಂದಿತ್ತು. ಅದರ ಕೆಳಗೆ ನನ್ನ ಸಹಿ.

ನನಗೆ ನೆನಪಿರಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ಆ ದಿನ ಚೆನ್ನಾಗಿ ನೆನಪಿದೆ. ಮಗಳು ಹೊಸ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಾಸ್ತರರು ನನ್ನನ್ನು ಕೇಳದೆ ಪಿಂಜಾರ ಎಂದು ಬರೆದರು, ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗಳು ಬೋರ್ಡಿನ ಹತ್ತಿರ ಹೋದಾಗ ಯಾರೂ ಟಂಯ್ ಎನ್ನಬಾರದು ಎಂಬುದೊಂದೇ ತಲೆಯಲ್ಲಿತ್ತು. ಇಸ್ಲಾಮಿನಲ್ಲಿ ಜಾತಿ ಇಲ್ಲ, ಹೊಡೆದು ಹಾಕಿರಿ ಎಂದು ಮೇಜು ಗುದ್ದಿದೆ. "ಸಿಟ್ಟಾಗಬ್ಯಾಡ್ರಿ. ನಿಮ್ಮ ಸಲುವಾಗಿ ಅಲ್ಲ, ಮುಂದ ಹುಡುಗಿ ಓದಿಗೆ ಉಪಯೋಗಕ್ಕ ಬರತೈತಿ, ಇರಲಿ ಬಿಡ್ರಿ," ಎಂದು ಅವರು ಎರಡು ಸಲ ಹೇಳಿದರು. ನಾನು ಕೇಳಲಿಲ್ಲ. ಹಾಗಾದರೆ ಸಹಿ ಮಾಡಿರಿ ಎಂದು ಪೆನ್ನು ಕೊಟ್ಟರು.

ಹೆಡ್ ಬಾಯಿಯವರು ಕನ್ನಡಕ ತೆಗೆದರು. "ಪಾಲಕರ ಹೇಳಿಕಿ ಮ್ಯಾಲೆ ತಿದ್ದಿದ್ದು ಇದು. ಮತ್ತ ತಿದ್ದೂ ಅಧಿಕಾರ ನನಗಿಲ್ರಿ. ಮ್ಯಾಲಿನ ಆಫೀಸಿಗೆ ಕಳಸಬೇಕು, ಐದ ದಿನದಾಗ ಆಗೂದಲ್ಲ," ಎಂದರು. ಮಗಳು ರಜಿಸ್ಟರಿನಿಂದ ಬೆರಳು ತೆಗೆದು ಅರ್ಜಿಗೆ ಸಹಿ ಮಾಡಿದಳು. ಮನೆಗೆ ಬರುವ ದಾರಿಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಯಲ್ಲಿ ತಾಯಿಗೆ ಹೇಳುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಹೇಳಲಿಲ್ಲ. ರಾತ್ರಿ ನಾನೇ ಹೇಳಿದೆ. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ, "ಮತ್ತ ಇಷ್ಟ ದಿನ ಮಾಸ್ತರನ್ನ ಬೈದದ್ದು?" ಎಂದಳು.

ಗಡುವು ಮುಗಿಯಿತು. ಸೀಟು ಹಂಚಿಕೆಯ ಪಟ್ಟಿ ಬಂದಾಗ ಧಾರವಾಡದ ಆ ಕಾಲೇಜಿನಲ್ಲಿ ಪ್ರವರ್ಗ ಒಂದರ ಕೊನೆಯ ಸೀಟು ನನ್ನ ಮಗಳಿಗಿಂತ ಹಿಂದಿನ ರ‍್ಯಾಂಕಿನ ಹುಡುಗಿಗೆ ಹೋಗಿತ್ತು. ಅದನ್ನು ನಾನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ನೋಡಿದೆ. ಮೂರು ಸಲ ನೋಡಿದೆ. ನಮಗೆ ಸಿಕ್ಕದ್ದು ಮೂರು ಜಿಲ್ಲೆ ಆಚೆಯ ಒಂದು ಕಾಲೇಜು, ಫೀಯೂ ನಮ್ಮ ಕೈಗೆಟುಕದ್ದು, ಹಾಸ್ಟೆಲ್ ಊರ ಹೊರಗೆ. ಬಿಟ್ಟುಬಿಟ್ಟೆವು. ಮಗಳನ್ನು ಹತ್ತಿರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಹಚ್ಚಿದೆವು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗುತ್ತಾಳೆ, ಸಂಜೆ ಐದಕ್ಕೆ ಬರುತ್ತಾಳೆ. ವಸ್ತ್ರಕ್ಕೆ ಅಡ್ಡಿಯಿಲ್ಲ, ಫೀ ಕಡಿಮೆ, ದಿನಾ ಮನೆಯ ಊಟ. ನನ್ನ ಷರತ್ತು, ಹೆಂಡತಿಯ ಷರತ್ತು, ಎರಡೂ ಪೂರೈಸಿದವು. ಓದುವವಳು ಬೇಕೆಂದದ್ದು ಮಾತ್ರ ಅಲ್ಲಿ ಇಲ್ಲ.

ಜಾತಿ ಪ್ರಮಾಣಪತ್ರ ಗಡುವು ಮುಗಿದ ಮೇಲೆ ಬಂತು. ಒಂದು ಸಂಜೆ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿಕೊಂಡು ಮನೆಗೆ ತಂದು ಮಗಳ ಮುಂದೆ ಇಟ್ಟೆ. ಮುಂದಿನ ವರ್ಷ ಮತ್ತೆ ಸಿಇಟಿ ಬರಿ, ಈ ಸಲ ಯಾರೂ ತಡೆಯುವುದಿಲ್ಲ ಎಂದೆ. ಅವಳು ಅದನ್ನು ಓದಿದಳು.

"ನೋಡೂಣು," ಎಂದಳು. ಕಾಗದವನ್ನು ನನ್ನ ಕಡೆಗೆ ಸರಿಸಿ ಮಾತು ಮುಂದುವರಿಸಿದಳು. "ಅಪ್ಪಾ, ನೀ ಅವತ್ತ ಮುಸ್ಲಿಂ ಅಂತ ಬರಸಿದ್ದಕ್ಕ ನನಗ ಸಿಟ್ಟಿಲ್ಲ. ನಿನಗ ಅಂದವರು ನನಗೂ ಅಂತಿದ್ರು. ಆದ್ರ ಬೆಳಗಾದ್ರ ಸಾಕು, ಸತ್ತವರನ್ನ ಬೈದಿ. ನಿನ್ನ ಮಾತ ಕೇಳಿ ನಾನೂ ಬೈದೆ. ಆ ಅಮ್ಮಾರು ನನಗ ಕೈ ಮುಗುದ್ರಲ್ಲ, ಅದು ಕಣ್ಣಾಗಿಂದ ಹೋಗವಲ್ದು."

ನಾನು ಆ ಪ್ಲಾಸ್ಟಿಕ್ ಹಾಳೆಯನ್ನು ಎತ್ತಿ ಕಪಾಟಿನಲ್ಲಿಟ್ಟೆ.

"ಮೊನ್ನೆ ಕಾಲೇಜಿಂದ ಬರುವಾಗ ಅವರ ಮನಿಗೆ ಹೋಗಿದ್ದೆ," ಎಂದಳು. "ರಜಿಸ್ಟರಿನಾಗ ಮಾಸ್ತರು ಸರೀನ ಬರದಿದ್ರು ಅಂತ ಹೇಳಿ ಬಂದೆ."

"ಏನಂದ್ರು?"

"ಅತ್ರು. ಆಮ್ಯಾಲೆ, ಇದನ್ನ ಹೇಳಾಕ ನಿಮ್ಮಪ್ಪ ಯಾಕ ಬರಲಿಲ್ಲ ಅಂದ್ರು."

ಇದಾಗಿ ನಾಲ್ಕು ತಿಂಗಳಾಯಿತು. ಮಾಸ್ತರರ ಮನೆ ಗ್ರಂಥಾಲಯದಿಂದ ಐದು ನಿಮಿಷದ ದಾರಿ. ನಾನು ಇನ್ನೂ ಹೋಗಿಲ್ಲ. ಮಗಳೂ ಆ ಮಾತು ಮತ್ತೆ ತೆಗೆದಿಲ್ಲ.